ಟೋಪಿಯೊಳಗೆ ಊದಿದವನು

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೋ, ಇಲ್ಲ ಇನ್ನೂ ಡಾಕ್ಟರ ಹತ್ತಿರ ಹೋಗದೆ ಭಂಡತನ ಮಾಡುತ್ತಿದ್ದೀಯೋ? ಅತ್ತಿಗೆಯನ್ನು ಕೇಳಿದೆ ಎಂದು ಹೇಳು. ಕಾಗದ ಮಾತ್ರ ನೀನೊಬ್ಬನೇ ಓದು.

ನಿನ್ನೆ ಅಮ್ಮನನ್ನು ಚಿತ್ರೋತ್ಸವಕ್ಕೆ ಕರೆದುಕೊಂಡು ಹೋಗಿದ್ದೆ. ಮೊದಲನೆಯದು ನಗೆಚಿತ್ರ. ಬೇಕರಿಗೆ ನುಗ್ಗಿದ ಕಳ್ಳ ಹಿಟ್ಟಿನಲ್ಲಿ ಜಾರಿಬಿದ್ದು, ಬೆಳಗ್ಗೆ ಬಂದ ಮಾಲೀಕನಿಗೆ ತಾನೇ ಹೊಸ ಕೆಲಸದವನೆಂದು ಹೇಳಿ ಸಿಕ್ಕಿಹಾಕಿಕೊಳ್ಳುವ ಕಥೆ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಟ್ಟಿಸಿಕೊಂಡ ಹಲ್ಲು ಎಲ್ಲಿ ಬಿದ್ದುಹೋಗುತ್ತದೋ ಎಂದು ಬಾಯಿಗೆ ಕೈ ಅಡ್ಡ ಬೇರೆ. ಮುಗಿದರೂ "ಇನ್ನೊಂದ್ಸಲ ನೋಡೋಣ ಕಣೇ" ಎಂದು ಏಳಲೇ ಇಲ್ಲ. ನಮ್ಮ ಹಳೇ ಟಾಕೀಸಿನಲ್ಲಿ ಕೂತಲ್ಲೇ ಕೂತರೆ ಅದೇ ಸಿನಿಮಾ ಮತ್ತೆ ಹಾಕುತ್ತಿದ್ದರಲ್ಲ, ಇಲ್ಲೂ ಹಾಗೇ ಎಂದುಕೊಂಡಿದ್ದಳು. ನಾನೂ ಹೂಂ ಅಂದೆ.

ಬಂದದ್ದು ಬೇರೆಯೇ, ಯಾವುದೋ ಸಾಕ್ಷ್ಯಚಿತ್ರ. ಕಪ್ಪು-ಬಿಳುಪು, ಹಳೆಯದು, ಮಾತೇ ಇಲ್ಲ. ಯಾವುದೋ ಬಂದರಿನಲ್ಲಿ ಮೂಟೆ ಹೊರುವವರನ್ನು ಸುಮ್ಮನೆ ತೋರಿಸುತ್ತಾ ಹೋಗುತ್ತದೆ. ನಾನು ಆಕಳಿಸುತ್ತಿದ್ದೆ. ಆಗ ಒಬ್ಬ ಮೂಟೆ ಇಳಿಸಿ, ಟೋಪಿ ತೆಗೆದು, ಒಳಗೆ ಉಫ್ ಎಂದು ಊದಿ, ಮತ್ತೆ ತಲೆಗಿಟ್ಟುಕೊಂಡು ನಮ್ಮ ಕಡೆಗೇ ತಿರುಗಿದ. ಅಣ್ಣಾ, ಅಪ್ಪ! ಟೋಪಿಯಲ್ಲಿ ಜಿರಳೆ ಸಿಕ್ಕ ದಿನದಿಂದ ಅಪ್ಪ ಊದದೆ ಹಾಕಿಕೊಂಡಿದ್ದುಂಟೇ? ಮುಖವೂ ಅದೇ, ಗಡ್ಡ ಮಾತ್ರ ನರೆತಿತ್ತು. ಅಮ್ಮ ನನ್ನ ಕೈ ಹಿಡಿದುಕೊಂಡವಳು ಬಿಡಲೇ ಇಲ್ಲ. ಕೊನೆಗೆ ಚಿತ್ರ ತೆಗೆದ ಇಸವಿ ಬಂತು. ಆ ಇಸವಿಯ ಹೊತ್ತಿಗೆ, ಕೆಲಸಕ್ಕೆ ಹೋದ ಅಪ್ಪ ವಾಪಸು ಬಾರದೆ, ಹೊಳೆಯಲ್ಲಿ ಸಿಕ್ಕ ಹೆಣವನ್ನು ಅಪ್ಪನದೆಂದು ನಾವು ಮಣ್ಣು ಮಾಡಿ ಆಗಲೇ ಮೂರು ವರ್ಷವಾಗಿತ್ತು. ಮುಖ ನೋಡುವ ಹಾಗಿಲ್ಲ ಎಂದು ನಮ್ಮನ್ನು ಹೊರಗೇ ನಿಲ್ಲಿಸಿ, ನೀನೊಬ್ಬನೇ ಶವಾಗಾರದೊಳಗೆ ಹೋಗಿ ಬಂದು "ಅಪ್ಪನೇ" ಅಂದಿದ್ದೆ.

ನನಗೆ ಭಯವಾಗುತ್ತಿದೆ. ಪಾತ್ರೆ ತೊಳೆಯುವಾಗ ಬೆನ್ನ ಹಿಂದೆ ಯಾರೋ ಊದಿದ ಹಾಗಾಗಿ ತಿರುಗಿ ನೋಡುತ್ತೇನೆ. ಅಮ್ಮ ಬೆಳಗ್ಗೆಯಿಂದ ಬಟ್ಟೆ ಮಡಚುತ್ತಾಳೆ, ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಾಳೆ.

ಮಕ್ಕಳಿಗೆ ಅತ್ತೆಯ ಮುತ್ತು. ಮೈ ನೋಡಿಕೋ, ಹಟ ಮಾಡಬೇಡ.

ನಿನ್ನ ತಂಗಿ,
ಬಾಯಿಬಡುಕಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಮ್ಮ ಬಂದು ಪಕ್ಕದಲ್ಲಿ ಕೂತಳು. "ಅವನಿಗೆ ಬೈದು ಬರೀಬೇಡ. ನಾನು ದಿನಾ ಬಾಗಿಲಲ್ಲಿ ನಿಂತು ಕಾಯೋದನ್ನ ನೋಡಕ್ಕಾಗದೆ ಅಪ್ಪನೇ ಅಂತ ಸುಳ್ಳು ಹೇಳಿದ. ನಂಗೆ ಅವತ್ತೇ ಗೊತ್ತಾಯ್ತು" ಅಂದಳು. ಬೈಯುವುದಿಲ್ಲ ಅಣ್ಣಾ. ಆದರೆ ನಾವು ಮಣ್ಣು ಮಾಡಿದ ಆ ಮನುಷ್ಯನನ್ನು ಹತ್ತಿರದಿಂದ ನೋಡಿದವನು ನೀನೊಬ್ಬನೇ. ಯಾವ ಬಟ್ಟೆ ಹಾಕಿದ್ದ, ಕೈಯಲ್ಲಿ ಉಂಗುರವಿತ್ತೇ, ನೆನಪಿರುವುದನ್ನೆಲ್ಲ ಬರೆ. ಅವನಿಗಾಗಿ ಯಾರೋ ಇನ್ನೂ ಬಾಗಿಲಲ್ಲಿ ನಿಂತಿರಬೇಕು.