ಗದ್ದೆಗೆ ಬಿದ್ದ ಬೆಂಕಿ

ಅಪ್ಪಾಜಿ,

ಈ ಪತ್ರಕ್ಕೆ ವಿಳಾಸ ಬರೆಯುವ ಕೆಲಸವಿಲ್ಲ, ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ಇವತ್ತು ತ್ಯಾವಣಿಗೆಯ ಹಸಿರು ಭತ್ತದ ಗದ್ದೆಯೊಂದಕ್ಕೆ ನಾವು ಅಗ್ನಿಶಾಮಕ ವಾಹನ ಕಳಿಸಿದೆವು. ನೀವಿದ್ದಿದ್ದರೆ ನಕ್ಕು ನಕ್ಕು ಕೆಮ್ಮುತ್ತಿದ್ದಿರಿ.

ಬಂಗಾರಮ್ಮ ಎಂಬ ರೈತ ಮಹಿಳೆ ನಮ್ಮ ಸಂಶೋಧನಾ ಕೇಂದ್ರಕ್ಕೆ ಫೋನ್ ಮಾಡಿ, "ಗದ್ದೆಗೆ ಬೆಂಕಿ ಬಿದ್ದೈತೆ, ಜಲ್ದಿ ಬರ್ರಿ" ಎಂದರಂತೆ. ನಮ್ಮ ಕಡೆ ಹಾಗಂದರೆ ಭತ್ತಕ್ಕೆ ಬೆಂಕಿರೋಗ ಬಂದಿದೆ ಎಂದರ್ಥ. ಫೋನ್ ಎತ್ತಿದ, ಮಂಗಳೂರಿನಿಂದ ವರ್ಗವಾಗಿ ಬಂದ ಗುಮಾಸ್ತರಿಗೆ ಅದು ಗೊತ್ತಿರಲಿಲ್ಲ; ನೇರ ಅಗ್ನಿಶಾಮಕ ಠಾಣೆಗೆ ತಿಳಿಸಿಬಿಟ್ಟರು.

ನಾನು ಗದ್ದೆಗೆ ಧಾವಿಸಿದಾಗ ಅಗ್ನಿಶಾಮಕ ಸಿಬ್ಬಂದಿ ಪೈಪ್ ಹಿಡಿದು ಕೆಸರಲ್ಲಿ ನಿಂತು ಬೆಂಕಿ ಹುಡುಕುತ್ತಿದ್ದರು. ಬಂಗಾರಮ್ಮ ಅವರಿಗೆ ಎಲೆ ಮೇಲಿನ ಕಂದು ಚುಕ್ಕೆ ತೋರಿಸುತ್ತಿದ್ದರು. ಮರ್ಯಾದೆ ಉಳಿಸಿಕೊಳ್ಳಲು ನಾನು, ಈ ರೋಗದ ಮೇಲೆ ಇಪ್ಪತ್ತು ವರ್ಷಗಳಲ್ಲಿ ಎಷ್ಟು ಸಾವಿರ ಪ್ರಬಂಧ ಬಂದಿವೆ, ಅವನ್ನು ಎಷ್ಟು ಜನ ಉಲ್ಲೇಖಿಸಿದ್ದಾರೆ ಎಂದೆಲ್ಲ ಹೇಳಿದೆ. ಅದನ್ನು ಎಣಿಸುವುದೇ ಈಗ ನನ್ನ ಸಂಶೋಧನೆ.

ಆಕೆ ಸಮಾಧಾನವಾಗಿ ಕೇಳಿಸಿಕೊಂಡು, "ಅಷ್ಟೂ ಬಂದಿರಬೋದು ಮೇಡಂ. ನನ್ ಗದ್ದೆ ತನಕ ಬಂದಿದ್ದು ಮಾತ್ರ ಇದೊಂದೇ ಗಾಡಿ" ಎಂದರು.

ನೀವೂ ಹೀಗೇ ಫೋನ್ ಮಾಡಿದ್ದಿರಿ. "ಬೆಂಕಿ ಬಿದ್ದೈತೆ, ಒಂದ್ಸಲ ಬಂದು ನೋಡಾಕೆ ಆಗ್ತೈತೇನವ್ವ?" ಸಮ್ಮೇಳನ ಇದೆ, ಫೋಟೋ ಕಳಿಸಿ ಎಂದಿದ್ದೆ. ಕಳಿಸಿದಿರಿ.

ಆ ಫೋಟೋ ನನ್ನ ಹೊಸ ಪ್ರಬಂಧದಲ್ಲಿ ರೋಗದ ಪರಿಚಯಕ್ಕೆಂದು ಹಾಕಿದ ಎರಡನೇ ಚಿತ್ರ. ಎಲೆ ಹಿಡಿದ ನಿಮ್ಮ ಹೆಬ್ಬೆರಳೂ ಅದರಲ್ಲಿದೆ. ಅದನ್ನು ಕತ್ತರಿಸಿ ತೆಗೆಯಿರಿ ಎಂದು ಸಂಪಾದಕರು ಬರೆದಿದ್ದಾರೆ.

ಚುಕ್ಕೆಯ ಅಳತೆ ತಿಳಿಯಲೆಂದು ಇಟ್ಟದ್ದು, ತೆಗೆಯಲಾಗದು ಎಂದು ಇವತ್ತು ಉತ್ತರ ಕಳಿಸಿದೆ.