ಬೆಟ್ಟದ ನೆತ್ತಿಯಲ್ಲಿ ಕಾಡುಕುದುರೆಗಳು

ಜೂನ್ ೧೨, ರಾತ್ರಿ

ಸೈಕಲ್ ರೇಸಿನಿಂದ ಹೊರಬಿದ್ದೆವು. ಅಳು ಬರಬೇಕಿತ್ತು, ಯಾಕೋ ಬರುತ್ತಿಲ್ಲ.

ಅಕ್ಕನೂ ನಾನೂ ಜೋಡಿ. ಆಪರೇಷನ್ ಆದ ಮೇಲೆ ಅವಳಿಗಿದು ಮೊದಲ ರೇಸು. ಬೆಳಿಗ್ಗೆಯಿಂದ ಟಾರು ರಸ್ತೆ, ಕೆಸರು, ಮರಳು ಎಲ್ಲವನ್ನೂ ಹಲ್ಲುಕಚ್ಚಿ ತುಳಿದು ಬಂದಿದ್ದೆವು. ಕತ್ತಲಾಗುವುದರೊಳಗೆ ಕಣಿವೆಯ ಚೆಕ್‌ಪೋಸ್ಟ್ ಸೇರದಿದ್ದರೆ ಆಟ ಮುಗಿದಂತೆ.

ಬೆಟ್ಟದ ನೆತ್ತಿ ಹತ್ತಿದಾಗ ಮಂಜು ಸರಿಯಿತು. ಎದುರಿಗೆ ಕಾಡುಕುದುರೆಗಳ ಹಿಂಡು! ದಾರಿಗೆ ಅಡ್ಡಲಾಗಿ, ಯಾರ ಹಂಗೂ ಇಲ್ಲದೆ ನಡೆದುಹೋಗುತ್ತಿದ್ದವು. ಮೈಯಿಂದ ಹಬೆ ಏಳುತ್ತಿತ್ತು. ಗೊರಸಿನ ಸದ್ದು ನೆಲದಿಂದ ನನ್ನ ಅಂಗಾಲಿಗೆ ಏರಿ ಬಂತು. ಒಂದು ಮರಿ ಅಕ್ಕನ ಚಕ್ರ ಮೂಸಿ, ಸೀನಿ, ತಾಯಿಯ ಹಿಂದೆ ಓಡಿತು.

"ಹೊತ್ತಾಯ್ತು ಅಕ್ಕಾ, ಪಕ್ಕದಲ್ಲಿ ನುಗ್ಗೋಣ್ವಾ?" ಎಂದೆ.

"ಸುಮ್ನೆ ನಿಂತ್ಕೊಳ್ಳೇ." ಹಿರಿಯರ ಮುಂದೆ ನಿಂತವಳಂತೆ ಹೆಲ್ಮೆಟ್ ತೆಗೆದು ಎದೆಗೊತ್ತಿಕೊಂಡಿದ್ದಳು. "ಬದುಕಿ ಉಳಿದಿದ್ದಕ್ಕೆ ಇದನ್ನ ನೋಡ್ದೆ."

ಕೊನೆಯ ಕುದುರೆ ಇಳಿಜಾರಿನಲ್ಲಿ ಮರೆಯಾಗುವವರೆಗೂ ನಿಂತೆವು. ನಾವು ತಲುಪಿದಾಗ ಚೆಕ್‌ಪೋಸ್ಟಿನವನು ಹಗ್ಗ ಸುತ್ತಿಡುತ್ತಿದ್ದ.

"ಯಾಕಮ್ಮಾ ಇಷ್ಟು ತಡ?"

ಹೇಳಲು ಬಾಯಿ ತೆರೆದೆ. ಮಾತೇ ಹೊರಡಲಿಲ್ಲ. ಪಾಪ, ತಲೆ ಸುತ್ತಿದೆ ಎಂದುಕೊಂಡು ಕುರ್ಚಿ ತಂದುಕೊಟ್ಟ.

ಈಗಲೂ ಹೇಳಲಾಗುತ್ತಿಲ್ಲ. ಅವು ಅಷ್ಟು ದೊಡ್ಡವು, ಅಷ್ಟು ಹತ್ತಿರ, ಮತ್ತೆ ನಾವು ಅಲ್ಲಿ…