ಈ ಸಲ ನೀವೇ ನೆಂಟರು

ಮೋಕ್ಷಾನ ಪಪ್ಪಾ,

ನಿಮಗೊಂದು ದಪ್ಪ ಸ್ವೆಟರ್ ತರಲು ಮನ್ಸೂರಾದ ಅಂಗಡಿಗೆ ಹೋಗಿದ್ದೇನೆ. ಮೆಸಯೀದ್‌ನಲ್ಲಿ ಕೆಲಸ ಮುಗಿಸಿ ಬಂದವರು ಮೊದಲು ಊಟ ಮಾಡಿ. ಬಂಗುಡೆ ಮೀನಿನ ಪುಳಿಮುಂಚಿ ಒಲೆಯ ಮೇಲಿದೆ.

ಸೂಟ್‌ಕೇಸಿನಿಂದ ಕುಚ್ಚಲಕ್ಕಿ, ಒಣಮೀನು ಎರಡನ್ನೂ ತೆಗೆದಿದ್ದೇನೆ. ಪುನಃ ತುಂಬಿಸಬೇಡಿ. ನಾವು ಹೋಗುವುದು ಮಗಳ ಊರಿಗೆ. ಐರ್ಲೆಂಡಿನ ಕ್ಲೇರ್‌ನಲ್ಲಿ ಅವಳು ಕೆಲಸ ಮಾಡುವ ಹೋಟೆಲಿಗೆ ಬರುವವರೆಲ್ಲ, ಡಬ್ಲಿನ್‌ನವರು ಕೂಡ, ಏನು ನೋಡಬೇಕು, ಎಲ್ಲಿ ಉಣ್ಣಬೇಕು ಎಂದು ಅವಳನ್ನೇ ಕೇಳುವುದಂತೆ. ನಮಗೂ ಬರೆದು ಕಳಿಸಿದ್ದಾಳೆ, ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಮೋಹರ್ ಕಡಲ ಬಂಡೆಗಳಿಗೆ ಬೆಳಿಗ್ಗೆ ಬೇಗ ಹೋಗಬೇಕಂತೆ. ಡೂಲಿನ್‌ನಲ್ಲಿ ನಮ್ಮ ಪಚ್ಚಿಲೆಯಂಥ ಚಿಪ್ಪುಮೀನು ಸಿಗುತ್ತದಂತೆ, ಬೆಣ್ಣೆ ಬೆಳ್ಳುಳ್ಳಿ ಹಾಕಿ ಬೇಯಿಸಿದ್ದು. ಖಾರ ಇಲ್ಲ ಎಂದು ಅಲ್ಲಿ ಮುಖ ಸಿಂಡರಿಸಬೇಡಿ.

ಫೋನ್ ಮಾಡಿ ಅವಳಿಗೇ ದಾರಿ ಹೇಳಿಕೊಡಲು ಹೋಗಬೇಡಿ. ಊರಿನಿಂದ ಇಲ್ಲಿಗೆ ಯಾರು ಬಂದರೂ ಏರ್‌ಪೋರ್ಟಿನಿಂದ ಕರೆತಂದು, ಕಾರ್ನಿಶ್ ಕಡಲದಂಡೆ, ಸೂಕ್ ವಾಕಿಫ್ ಪೇಟೆ ಎಲ್ಲ ತೋರಿಸಿ, ಉಣಿಸಿ ಕಳಿಸಿದವರು ನೀವು. ಆಗೆಲ್ಲ ಕಾರಿನ ಹಿಂದಿನ ಸೀಟಿನಲ್ಲಿ ಅವಳಿದ್ದಳು. ಈ ಸಲ ನೀವೇ ನೆಂಟರು, ಸುಮ್ಮನೆ ಕುಳಿತುಕೊಳ್ಳಿ.

ಅವಳು ಬರೆದ ಮೊದಲ ಸಾಲು ಓದಿ. "ವಿಮಾನದಲ್ಲಿ ಹೊಟ್ಟೆ ತುಂಬಿಸಿಕೊಳ್ಳಬೇಡಿ, ಹಸಿದುಕೊಂಡು ಬನ್ನಿ."

ಇಷ್ಟು ವರ್ಷ ಊರಿನಿಂದ ಬರುವವರಿಗೆಲ್ಲ ಫೋನಿನಲ್ಲಿ ನೀವು ಹೇಳುತ್ತಾ ಬಂದದ್ದು ಇದನ್ನೇ.